ಪಟ್ಟಿಯಲ್ಲಿ ಇಲ್ಲದ ರಟ್ಟಿನ ಚೂರು

ಮರೋಶ್‌ವೇಗ್ ಊರಿನ ಪ್ರೌಢಶಾಲೆಯಲ್ಲಿ ಓದಿದವರನ್ನು ಎಲ್ಲಾದರೂ ಹಿಡಿದು, ನಿಮಗೆ ಭೌತಶಾಸ್ತ್ರ ಕಲಿಸಿದವರು ಯಾರು ಎಂದು ಕೇಳಿ ನೋಡಿ. ಮೇಷ್ಟ್ರ ಹೆಸರಿಗೆ ತಡವರಿಸುತ್ತಾರೆ, ಗಿಜಿಯತ್ತೆಯ ಹೆಸರು ಮಾತ್ರ ತಟ್ಟನೆ ಬಾಯಿಗೆ ಬರುತ್ತದೆ. ಅವಳೇನೂ ಪಾಠ ಮಾಡಿದವಳಲ್ಲ. ಪ್ರಯೋಗಶಾಲೆಯ ಹಿಂದಿನ ಸಾಮಾನು ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಗಾಜು ತೊಳೆದವಳು, ತಂತಿ ಸುತ್ತಿದವಳು, ತಕ್ಕಡಿಯ ಧೂಳು ಒರೆಸಿದವಳು. ಮೇಷ್ಟ್ರುಗಳು ಬರುತ್ತಿದ್ದರು, ಸೆಗೆಡ್ ಪಟ್ಟಣಕ್ಕೆ ವರ್ಗ ಮಾಡಿಸಿಕೊಂಡು ಹೋಗುತ್ತಿದ್ದರು. ಬಾಕೋಶ್ ಗಿಜೆಲಾ ಎಂಬ ಈ ಹೆಂಗಸು ಮಾತ್ರ ನೀಲಿ ಮೇಲಂಗಿ ತೊಟ್ಟು, ಜೇಬಿನಲ್ಲಿ ಒಂದು ತಿರುಪುಳಿ, ಒಂದು ಸೀಮೆಸುಣ್ಣ ಇಟ್ಟುಕೊಂಡು ಅಲ್ಲೇ ಇರುತ್ತಿದ್ದಳು.

ಅವಳು ಶಾಲೆಗೆ ಬಂದದ್ದು ಸಾವಿರದ ಒಂಬೈನೂರ ಐವತ್ತೆಂಟರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ನೆಲ ಗುಡಿಸಲಿಕ್ಕೆ. ಅಪ್ಪ ಈರುಳ್ಳಿ ಬೆಳೆಗಾರ. ಎಂಟನೇ ತರಗತಿ ಮುಗಿದ ದಿನ ಮಗಳ ಕೈಗೆ ಗುದ್ದಲಿ ಕೊಟ್ಟಿದ್ದ, ಅದರಲ್ಲಿ ಅವನದ್ದೇನೂ ತಪ್ಪಿರಲಿಲ್ಲ, ಊರಿಗೆ ಊರೇ ಹಾಗೆ ಮಾಡುತ್ತಿತ್ತು. ಆಗ ಪ್ರಯೋಗಶಾಲೆಯನ್ನು ಆಳುತ್ತಿದ್ದವರು ಮುದುಕ ವಿದೋರ್ ಮೇಷ್ಟ್ರು. ಒಂದು ಬೆಳಿಗ್ಗೆ ಅವರು ಕಪಾಟು ತೆರೆದವರೇ ಕೂಗಿದರು.

"ಈ ಅಯಸ್ಕಾಂತಗಳನ್ನ ಹೀಗೆ ಜೋಡಿಸಿದ್ದು ಯಾರು?"

ಗಿಜೆಲಾ ಪೊರಕೆ ಹಿಡಿದೇ ಹತ್ತಿರ ಬಂದಳು. ಕೆಲಸ ಹೋಯಿತು ಅಂದುಕೊಂಡೇ ಉತ್ತರ ಕೊಟ್ಟಳು. "ನಾನೇ ಮೇಷ್ಟ್ರೇ. ಒಂಟಿಯಾಗಿ ಬಿಟ್ರೆ ಮೊಳೆ, ಸೂಜಿ ಎಲ್ಲಾ ಎಳ್ಕೊಂಡು ಕೂತಿರ್ತಾವೆ. ಒಂದರ ತಲೆ ಹತ್ರ ಇನ್ನೊಂದರ ಕಾಲು ಇಟ್ಟು ಮಲಗಿಸಿದ್ರೆ ಒಂದನ್ನೊಂದು ಹಿಡ್ಕೊಂಡು ಸುಮ್ಮನಿರ್ತಾವೆ."

"ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ಅವೇ ಹಾಗೆ ಕೂತ್ಕೊಂಡ್ವು."

ಅಯಸ್ಕಾಂತದ ಶಕ್ತಿ ಉಳಿಯಬೇಕಾದರೆ ಹಾಗೆಯೇ ಇಡಬೇಕು ಎಂದು ವಿದೋರ್ ಮೇಷ್ಟ್ರು ಹತ್ತು ವರ್ಷದಿಂದ ಮಕ್ಕಳಿಗೆ ಬಡಿದುಕೊಂಡಿದ್ದರು, ಒಬ್ಬರೂ ಇಟ್ಟಿರಲಿಲ್ಲ. ಮುಂದಿನ ವಾರ ಅವಳ ಕೈಯಿಂದ ಪೊರಕೆ ತೆಗೆದುಕೊಂಡು ಸಾಮಾನು ಕೋಣೆಯ ಬೀಗದಕೈ ಕೊಟ್ಟರು. ಆ ಬೀಗದಕೈಯನ್ನು ಅವಳು ಮದುವೆಯ ಉಂಗುರಕ್ಕಿಂತ ಜೋಪಾನ ಮಾಡಿದಳು. ಇದು ನಾನು ಹೇಳುವ ಮಾತಲ್ಲ, ಅವಳ ಗಂಡ ಆಂಟಲ್ ಇಪ್ಪತ್ತು ವರ್ಷ ದೂರುತ್ತ ಬಂದ ಮಾತು.

ಗಿಜಿಯತ್ತೆ ಅಣಿಮಾಡಿದ ಪ್ರಯೋಗ ಕೈಕೊಟ್ಟಿದ್ದೇ ಇಲ್ಲ. ಬೇರೆ ಶಾಲೆಗಳಲ್ಲಿ ಮೇಷ್ಟ್ರು ಗುಂಡಿ ಒತ್ತಿದರೆ ದೀಪ ಹತ್ತುವುದಿಲ್ಲ, ಆಗ ಮೇಷ್ಟ್ರು "ಹತ್ತಿತು ಅಂದ್ಕೊಳ್ಳಿ" ಎಂದು ಪಾಠ ಮುಂದುವರಿಸುತ್ತಾರೆ. ಇಲ್ಲಿ ಹಾಗಿಲ್ಲ. ಮಳೆಗಾಲದ ತೇವದಲ್ಲೂ ಸ್ಥಾಯಿ ವಿದ್ಯುತ್ತಿನ ಕಿಡಿ ಹಾರುತ್ತಿತ್ತು, ಏಕೆಂದರೆ ಗಿಜಿಯತ್ತೆ ಬೆಳಿಗ್ಗೆ ಆರಕ್ಕೇ ಬಂದು ಉಣ್ಣೆಬಟ್ಟೆಯನ್ನು ಒಲೆಯ ಮೇಲೆ ಬೆಚ್ಚಗೆ ಮಾಡಿಟ್ಟಿರುತ್ತಿದ್ದಳು. ಯಾವ ಲೋಲಕದ ದಾರ ಒಂದು ಎಳೆ ಹಿಗ್ಗಿದೆ, ಯಾವ ಉಷ್ಣಮಾಪಕ ಅರ್ಧ ಡಿಗ್ರಿ ಸುಳ್ಳು ಹೇಳುತ್ತದೆ, ಎಲ್ಲ ಅವಳ ಬೆರಳ ತುದಿಯಲ್ಲಿತ್ತು. ಯಾರಿಗೂ ಹೇಳುತ್ತಿರಲಿಲ್ಲ. ಹೇಳಬೇಕಾದದ್ದು ಎಂದು ಅವಳಿಗೆ ಅನ್ನಿಸಿರಲೂ ಇಲ್ಲ.

ಅವಳದ್ದೊಂದು ದೌರ್ಬಲ್ಯವಿತ್ತು, ಅದನ್ನೂ ಹೇಳಿಬಿಡುತ್ತೇನೆ. ಕಪಾಟಿನ ಬಾಗಿಲ ಒಳಮೈಗೆ ವಿದೋರ್ ಮೇಷ್ಟ್ರ ಕೈಬರಹದ ಒಂದು ಹಾಳೆ ಅಂಟಿಸಿತ್ತು. ಇಪ್ಪತ್ತು ಪ್ರಯೋಗ, ಇಪ್ಪತ್ತು ಸರಿ ಉತ್ತರ. ಉಪಕರಣ ಸರಿಯಿದೆಯೇ ಎಂದು ಅವಳು ತಾಳೆ ನೋಡಲಿ ಎಂದು ಮೇಷ್ಟ್ರು ಬರೆದುಕೊಟ್ಟದ್ದು. ಆದರೆ ಪರೀಕ್ಷೆಯ ದಿನ ಹೆದರಿ ನಿಂತ ಮಕ್ಕಳನ್ನು ಕಂಡರೆ ಗಿಜಿಯತ್ತೆಯ ಕರುಳು ಚುರುಕ್ಕೆನ್ನುತ್ತಿತ್ತು. ನೀರಿನ ಹೂಜಿ ಇಡುವ ನೆಪದಲ್ಲಿ ಹತ್ತಿರ ಹೋಗಿ ಪಿಸುಗುಡುತ್ತಿದ್ದಳು. "ಒಂಬತ್ತು ದಶಾಂಶ ಎಂಟು ಒಂದು ಬರ್ಕೊ ಮಗಾ." ಅರ್ಧ ಊರು ಹೀಗೆ ಪಾಸಾಗಿದೆ. ಈಗ ಪಶುವೈದ್ಯನಾಗಿರುವವನೂ ಅದರಲ್ಲಿ ಒಬ್ಬ, ಹೆಸರು ಬೇಡ.

ಎಂಬತ್ತೆರಡರ ಶರತ್ಕಾಲದಲ್ಲಿ ಮುಖ್ಯೋಪಾಧ್ಯಾಯಿನಿ ಅವಳನ್ನು ಕರೆಸಿ, ಕಾಫಿ ಕೊಟ್ಟು, ಕಾಗದವೊಂದನ್ನು ಮುಂದಿಟ್ಟರು. ಕಾಫಿ ಕೊಟ್ಟಾಗಲೇ ಗಿಜಿಯತ್ತೆಗೆ ಗೊತ್ತಾಯಿತು ಇದು ಒಳ್ಳೆಯ ಸುದ್ದಿಯಲ್ಲ ಎಂದು.

"ಪ್ರಯೋಗಾಲಯದ ಸಹಾಯಕರಿಗೆ ಶಾಲೆಯ ಕೊನೇ ಪರೀಕ್ಷೆ ಆಗಿರಲೇಬೇಕಂತೆ ಗಿಜಿ. ನಾಲ್ಕು ವರ್ಷ ಗಡುವು ಕೊಟ್ಟಿದಾರೆ. ಎಂಬತ್ತಾರರ ಜೂನ್‌ನೊಳಗೆ ಪ್ರಮಾಣಪತ್ರ ತಂದ್ರೆ ನೀನು ಇಲ್ಲೇ. ಇಲ್ಲಾಂದ್ರೆ..."

"ಇಲ್ಲಾಂದ್ರೆ?"

"ಶಾಲೆಯ ಅಡುಗೆಮನೆಯಲ್ಲಿ ಜಾಗ ಇದೆ. ಸಂಬಳ ಅಷ್ಟೇ."

ಗಿಜಿಯತ್ತೆ ಜೇಬಿನಲ್ಲಿದ್ದ ಬೀಗದಕೈಯನ್ನು ಮುಟ್ಟಿ ನೋಡಿಕೊಂಡಳು. ಅಡುಗೆಮನೆಯ ಬಗ್ಗೆ ಅವಳಿಗೆ ತಾತ್ಸಾರವಿರಲಿಲ್ಲ. ಆದರೆ ಆ ಕೋಣೆಗೆ ಇನ್ನೊಬ್ಬರು ಬಂದು ಅಯಸ್ಕಾಂತಗಳನ್ನು ಒಂಟಿಯಾಗಿ ಬಿಡುವುದನ್ನು ಅವಳಿಂದ ನೆನೆಸಿಕೊಳ್ಳಲೂ ಆಗಲಿಲ್ಲ.

ನಮ್ಮ ದೇಶದಲ್ಲಿ ಈ ಕೊನೆಯ ಪರೀಕ್ಷೆಗೆ ಮಾಗುವ ಪರೀಕ್ಷೆ ಎಂದೇ ಹೆಸರು. ಹದಿನೆಂಟಕ್ಕೆ ಹುಡುಗರು ಮಾಗಿ ಉದುರುತ್ತಾರೆ. ಸುದ್ದಿ ಕೇಳಿದ ಆಂಟಲ್ ಈರುಳ್ಳಿ ಒಣಗಿಸುವ ಕಾರ್ಖಾನೆಯ ವಾಸನೆ ಹೊತ್ತು ಊಟಕ್ಕೆ ಕೂತಿದ್ದವನು ಚಮಚ ಕೆಳಗಿಟ್ಟ.

"ನಲವತ್ಮೂರಕ್ಕೆ ಶುರುಮಾಡಿ ನಲವತ್ತೇಳಕ್ಕೆ ಮಾಗೋದಾ? ಅಷ್ಟು ದಿನ ಗಿಡದಲ್ಲಿ ಬಿಟ್ರೆ ಹಣ್ಣು ಕೊಳೆಯುತ್ತೆ ಕಣೇ."

"ಕೊಳೆತ ಹಣ್ಣಿಂದ ಪಾಲಿಂಕಾ ಸಾರಾಯಿ ಇಳಿಸಿ ಕುಡಿಯೋನು ನೀನು. ನಿನಗ್ಯಾಕೆ ಚಿಂತೆ."

ಆಂಟಲ್ ಚಮಚ ಎತ್ತಿಕೊಂಡು ಊಟ ಮುಗಿಸಿದ. ಮಾರನೆಯ ದಿನ ಅಡುಗೆಮನೆಯ ಮೇಜಿನ ಮೇಲೆ ಒಂದು ಹೊಸ ದೀಪ ತಂದು ತೂಗುಹಾಕಿದ. ಅವನ ಒಪ್ಪಿಗೆ ಯಾವಾಗಲೂ ಹೀಗೆಯೇ ಬರುತ್ತಿತ್ತು.

ಸಂಜೆ ಶಾಲೆ ವಾರಕ್ಕೆ ಮೂರು ದಿನ. ತರಗತಿಯಲ್ಲಿ ಅಂಚೆಯವನು ಬಾಲಿಂತ್, ಇಬ್ಬರು ನರ್ಸಮ್ಮಂದಿರು, ಒಬ್ಬ ರೈಲ್ವೆ ಸಿಗ್ನಲಿನವನು. ಓದಲು ಸೋಮವಾರ ಒಳ್ಳೆಯದು, ಅಂದು ಸರ್ಕಾರಿ ಟಿವಿಗೆ ವಾರದ ರಜೆ, ದೇಶಕ್ಕೇ ಟಿವಿ ಇಲ್ಲ. ಇತಿಹಾಸ ಸುಲಭವಾಗಿ ಹತ್ತಿತು, ವ್ಯಾಕರಣ ಹೇಗೋ ಹತ್ತಿತು, ಗಣಿತ ಒದ್ದಾಡಿಸಿತು. ವಿಚಿತ್ರವೆಂದರೆ ಭೌತಶಾಸ್ತ್ರವೇ ಎಲ್ಲಕ್ಕಿಂತ ಕಷ್ಟವಾಯಿತು. ಪ್ರಯೋಗ ಕೈಗೆ ಗೊತ್ತು, ಉತ್ತರ ಬಾಯಿಗೆ ಗೊತ್ತು. ನಡುವೆ ಯಾಕೆ ಎಂಬುದೊಂದಿತ್ತಲ್ಲ, ಅಲ್ಲಿ ಇಪ್ಪತ್ತೈದು ವರ್ಷ ಅವಳು ಕಾಲಿಟ್ಟೇ ಇರಲಿಲ್ಲ.

"ಗಿಜಿಯತ್ತೆ, ನೀವು ಉತ್ತರದಿಂದ ಹಿಂದಕ್ಕೆ ನಡೀತೀರಿ," ಎಂದ ಒಂದು ದಿನ ಲೆಹೆಲ್ ಮೇಷ್ಟ್ರು. ಇಪ್ಪತ್ತೊಂಬತ್ತರ ಹುಡುಗ, ಇದೇ ಶಾಲೆಯಲ್ಲಿ ಓದಿ ಇಲ್ಲಿಗೇ ಮೇಷ್ಟ್ರಾಗಿ ಬಂದವನು. "ಮುಂದಕ್ಕೆ ನಡೀಬೇಕು."

"ನಿನ್ನನ್ನೂ ಹಾಗೇ ನಡೆಸಿದ್ದು ನಾನು, ಮರೆತ್ಯಾ? ಕ್ಯಾಲೊರಿಮೀಟರಿನ ದಿನ ನಿನ್ನ ಕಿವೀಲಿ ಹೇಳ್ದೋರು ಯಾರು?"

ಲೆಹೆಲ್ ಕಿವಿಯವರೆಗೆ ಕೆಂಪಾದ. ಬಾಲಿಂತ್ ಮೂರು ದಿನ ಅದನ್ನೇ ಹೇಳಿಕೊಂಡು ಪತ್ರ ಹಂಚಿದ.

ಎಂಬತ್ತಾರರ ಮೇ ತಿಂಗಳಲ್ಲಿ ಬೀಳ್ಕೊಡುಗೆಯ ಸಾಲು ಹೊರಟಿತು. ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು, ಉಪ್ಪುರೊಟ್ಟಿ ತುಂಬಿದ ಪುಟ್ಟ ಜೋಳಿಗೆ ತೂಗುಹಾಕಿಕೊಂಡು, ಹಾಡುತ್ತ ಪ್ರತಿಯೊಂದು ತರಗತಿಯನ್ನೂ ಹಾದುಹೋಗುವ ಸಾಲು. ಸಂಜೆ ಶಾಲೆಯವರೂ ಹಿಂದೆ ಸೇರಿಕೊಂಡರು. ಬಾಲಿಂತ್ ಅವಳ ಕೈ ಹಿಡಿದೆಳೆದ.

"ಬಾರಕ್ಕ, ಒಂದು ಸಲ. ಜೋಳಿಗೆ ಹೊಲಿದಿಟ್ಟಿದೀವಿ."

"ಅದು ಬಿಟ್ಟು ಹೋಗೋರ ಸಾಲು ಕಣೋ. ನಾನು ಓದ್ತಿರೋದು ಇಲ್ಲೇ ಉಳಿಯೋಕೆ."

ಸಾಮಾನು ಕೋಣೆಗೆ ಒಂದೇ ಬಾಗಿಲು, ಆದ್ದರಿಂದ ಸಾಲು ಎಂದೂ ಅದರೊಳಗೆ ಬರುತ್ತಿರಲಿಲ್ಲ. ಆ ವರ್ಷವೂ ಅವಳು ಬಾಗಿಲಲ್ಲೇ ನಿಂತು ನೋಡಿದಳು.

ಲಿಖಿತ ಪರೀಕ್ಷೆಗಳು ಕಳೆದವು. ಜೂನ್ ಮಧ್ಯದಲ್ಲಿ ಮೌಖಿಕ. ಭೌತಶಾಸ್ತ್ರಕ್ಕೆ ಇಪ್ಪತ್ತು ಚೀಟಿ, ಒಂದೊಂದಕ್ಕೂ ಒಂದು ಪ್ರಯೋಗ. ಚೀಟಿ ಎತ್ತಬೇಕು, ಆ ಮೇಜಿಗೆ ಹೋಗಿ ಪ್ರಯೋಗ ಮಾಡಬೇಕು, ಆಮೇಲೆ ಮಂಡಳಿಯ ಮುಂದೆ ನಿಂತು ವಿವರಿಸಬೇಕು. ಈ ಸಲ ಗಿಜಿಯತ್ತೆ ಪರೀಕ್ಷೆಗೆ ಕೂರುವವಳಾದ್ದರಿಂದ ಮೂರು ದಿನ ಅವಳು ಸಾಮಾನು ಕೋಣೆಗೆ ಕಾಲಿಡುವಂತಿರಲಿಲ್ಲ. ಎಲ್ಲವನ್ನೂ ಲೆಹೆಲ್ ಜೋಡಿಸಬೇಕು. ಅವಳು ಎಂಟು ಪುಟಗಳ ಪಟ್ಟಿ ಬರೆದುಕೊಟ್ಟಳು. ಯಾವ ತಂತಿ ಯಾವ ಡಬ್ಬಿಯಲ್ಲಿದೆ, ಯಾವ ದೀಪದ ತಿರುಗಣೆ ಸಡಿಲ, ಕೆಂಪು ಶಾಯಿಯ ನೀರನ್ನು ಹಿಂದಿನ ದಿನವೇ ಕುದಿಸಿ ಆರಿಸಬೇಕು, ಎಲ್ಲ. ಕೊನೆಗೆ ಬೀಗದಕೈಯನ್ನೂ ಕೊಟ್ಟಳು, ಕೊಡುವಾಗ ಮುಖ ಆ ಕಡೆ ತಿರುಗಿಸಿಕೊಂಡಿದ್ದಳು.

ಹೊರಗಿನಿಂದ ಬಂದ ಪರೀಕ್ಷಾ ಮಂಡಳಿಯ ಅಧ್ಯಕ್ಷ ಸೆಕೆರೆಶ್ ಎಂಬ ಒಣಕಲು ಮನುಷ್ಯ. ಹಿಂದಿನ ಎರಡು ದಿನ ಹಗಲು ಶಾಲೆಯ ಮಕ್ಕಳನ್ನು ಪರೀಕ್ಷಿಸಿದ್ದ. ಎಲ್ಲರ ಉತ್ತರವೂ ಪುಸ್ತಕದ ಕೊನೆಯ ಪುಟದಂತೆಯೇ ಇತ್ತು. ಗಿಜಿಯತ್ತೆ ಇರಲಿಲ್ಲ ನಿಜ, ಆದರೆ ಅವಳ ಪಿಸುಮಾತು ಅಣ್ಣನಿಂದ ತಮ್ಮನಿಗೆ, ಅಕ್ಕನಿಂದ ತಂಗಿಗೆ ಯಾವತ್ತೋ ದಾಟಿಹೋಗಿತ್ತು.

"ಈ ಊರಲ್ಲಿ ಭೂಮಿ ಕೂಡ ಪುಸ್ತಕ ನೋಡ್ಕೊಂಡೇ ಎಳೆಯುತ್ತೆ ಅಂತ ಕಾಣುತ್ತೆ," ಎಂದನಂತೆ ಸೆಕೆರೆಶ್. ಮುಖ್ಯೋಪಾಧ್ಯಾಯಿನಿ ಅವನ ಮುಂದೆ ಇನ್ನೊಂದು ತಟ್ಟೆ ಸ್ಯಾಂಡ್‌ವಿಚ್ ಸರಿಸಿದರು.

ಮೂರನೇ ದಿನ ಸಂಜೆ ಶಾಲೆಯವರ ಸರದಿ. ಗಿಜಿಯತ್ತೆ ಬಿಳಿ ರವಿಕೆ, ಕಡುನೀಲಿ ಲಂಗ ತೊಟ್ಟು, ಇಪ್ಪತ್ತೆಂಟು ವರ್ಷ ತಾನೇ ಒರೆಸಿದ ಬಾಗಿಲನ್ನು ತಟ್ಟಿ ಒಳಗೆ ಬಂದಳು. ಹಸಿರು ಬಟ್ಟೆ ಹಾಸಿದ ಮೇಜು, ಹೂಜಿಯಲ್ಲಿ ಪಿಯೋನಿ ಹೂ, ಹೊಸದಾಗಿ ಮೇಣ ತಿಕ್ಕಿದ ನೆಲ. ಚೀಟಿ ಎತ್ತಿದಳು. ಒಂದನೇ ನಂಬರು. ಸಮವೇಗದ ಚಲನೆ, ಗುಳ್ಳೆ ಕೊಳವೆ.

ಹಿಂದೆ ಕೂತಿದ್ದ ಬಾಲಿಂತ್ ಹೊಟ್ಟೆಕಿಚ್ಚಿನಿಂದ ಉಸಿರುಬಿಟ್ಟದ್ದು ಕೇಳಿಸಿತು. ಲೆಹೆಲ್‌ನ ಮುಖ ಅರಳಿತು. ಅದು ಇಡೀ ದೇಶದ ಮಕ್ಕಳು ಮೊಟ್ಟಮೊದಲು ಮಾಡುವ ಪ್ರಯೋಗ. ಮೀಟರುದ್ದದ ಗಾಜಿನ ಕೊಳವೆ, ಒಳಗೆ ಕೆಂಪು ನೀರು, ನೀರಲ್ಲಿ ಒಂದೇ ಒಂದು ಗುಳ್ಳೆ. ಹಲಗೆಯನ್ನು ಓರೆ ಮಾಡಿದರೆ ಗುಳ್ಳೆ ನಿಧಾನಕ್ಕೆ ಮೇಲೇರುತ್ತದೆ. ಪಕ್ಕದಲ್ಲಿ ಸಂಗೀತದವರ ತಾಳಯಂತ್ರ, ಕಡ್ಡಿ ಅತ್ತಿತ್ತ ತೂಗುತ್ತ, ಸೆಕೆಂಡಿಗೊಮ್ಮೆ ಟಿಕ್ ಟಿಕ್ ಎನ್ನುತ್ತಿರುತ್ತದೆ. ಒಂದೊಂದು ಟಿಕ್‌ಗೂ ಗುಳ್ಳೆ ಇರುವಲ್ಲಿ ಸೀಮೆಸುಣ್ಣದ ಗೆರೆ ಎಳೆಯಬೇಕು. ಗೆರೆಗೆರೆಯ ನಡುವಿನ ಅಂತರ ಒಂದೇ ಸಮ ಬರುತ್ತದೆ. ವಿದೋರ್ ಮೇಷ್ಟ್ರ ಹಾಳೆಯಲ್ಲಿ ಮೊದಲ ಸಾಲೇ ಅದು. ಹನ್ನೆರಡು, ಹನ್ನೆರಡು, ಹನ್ನೆರಡು.

ಕಿಟಕಿ ಪಕ್ಕದ ಮೂರನೇ ಮೇಜಿಗೆ ಹೋಗಿ ಅವಳು ಹಲಗೆ ಓರೆ ಮಾಡಿದಳು. ಪಕ್ಕದ ಮೇಜಿನಲ್ಲಿ ನರ್ಸಮ್ಮನ ವಿದ್ಯುತ್ ಸುರುಳಿ ಝೇಂ ಎನ್ನುತ್ತಿತ್ತು. ಗುಳ್ಳೆ ಏರಿತು, ಕೈ ತಾನಾಗಿ ಗೆರೆ ಎಳೆಯಿತು. ಅಳತೆಪಟ್ಟಿ ಇಟ್ಟು ನೋಡಿದಳು.

ಹದಿನಾಲ್ಕು. ಹತ್ತು. ಹದಿನಾಲ್ಕು. ಹತ್ತು. ಹದಿನಾಲ್ಕು. ಹತ್ತು.

ಅಳಿಸಿ ಇನ್ನೊಮ್ಮೆ ಮಾಡಿದಳು. ಅದೇ. ಮೂರನೇ ಸಲವೂ ಕೂದಲೆಳೆಯಷ್ಟು ಅತ್ತಿತ್ತ, ಅಷ್ಟೇ. ಅವಳ ಕೈಯಲ್ಲಿ ಪ್ರಯೋಗ ಕೆಟ್ಟಿತ್ತು, ಅದೂ ಎಲ್ಲಕ್ಕಿಂತ ಸುಲಭದ್ದು, ಅದೂ ಇವತ್ತು. ಅಡುಗೆಮನೆಯ ದೊಡ್ಡ ಹಂಡೆಗಳು ಕಣ್ಣ ಮುಂದೆ ಬಂದವು.

ಒದ್ದೆ ಬಟ್ಟೆಯಲ್ಲಿ ಗೆರೆ ಅಳಿಸಿ, ಹನ್ನೆರಡು ಎಂದು ಆರು ಸಲ ಬರೆದರೆ ಮುಗಿಯಿತು. ಯಾರೂ ನೋಡುತ್ತಿರಲಿಲ್ಲ. ಎಷ್ಟು ಮಕ್ಕಳ ಕಿವಿಯಲ್ಲಿ ಅವಳೇ ಹೇಳಿದ್ದಾಳೆ. ಪೆನ್ಸಿಲು ಹಾಳೆಯ ಮೇಲೆ ಒಂದು ಎಂದು ಬರೆದು ನಿಂತಿತು. ಅದರ ಪಕ್ಕ ಎರಡು ಬರೆದರೆ ಕೋಣೆ ಉಳಿಯುತ್ತದೆ, ನಾಲ್ಕು ಬರೆದರೆ ಹೋಗುತ್ತದೆ. ಆದರೆ ಕಣ್ಣೆದುರೇ ಗೆರೆಗಳಿದ್ದವು. ನಾಲ್ಕು ವರ್ಷ ಸೋಮವಾರ ಸೋಮವಾರ ಆಂಟಲ್‌ನ ದೀಪದ ಕೆಳಗೆ ಕೂತದ್ದು ಮತ್ತೆ ಹಾಳೆ ನೋಡಿ ಬರೆಯಲಿಕ್ಕೋ ಎಂದು ಅವಳಿಗೇ ಅವಳ ಮೇಲೆ ಸಿಟ್ಟು ಬಂತು. ನಾಲ್ಕು ಎಂದು ಬರೆದಳು. ಉಳಿದದ್ದನ್ನೂ ಕಂಡ ಹಾಗೆಯೇ ಬರೆದಳು.

ಹೆಸರು ಕರೆದರು. ಹಾಳೆ ಹಿಡಿದು ನಿಂತಳು.

"ಗುಳ್ಳೆ ಒಂದೇ ವೇಗದಲ್ಲಿ ಹೋಗಬೇಕು," ಎಂದಳು. "ನನಗೆ ಹಾಗೆ ಬರಲಿಲ್ಲ. ಹದಿನಾಲ್ಕು, ಹತ್ತು, ಹದಿನಾಲ್ಕು, ಹತ್ತು ಬಂತು. ಮೂರು ಸಲ ಮಾಡ್ದೆ."

ಲೆಹೆಲ್ ಬಿಳಿಚಿಕೊಂಡ. ಸೆಕೆರೆಶ್ ಮೂರು ದಿನದಲ್ಲಿ ಮೊದಲ ಬಾರಿಗೆ ಕನ್ನಡಕ ಸರಿಮಾಡಿಕೊಂಡು ಎದುರಿದ್ದವರನ್ನು ನೋಡಿದ.

"ಹಾಗಾದ್ರೆ ಪುಸ್ತಕದಲ್ಲಿರೋದು ಸುಳ್ಳು."

"ಸುಳ್ಳಲ್ಲ."

"ನೀವು ಬರೆದದ್ದು ಸುಳ್ಳು."

"ಅದೂ ಅಲ್ಲ. ಇದ್ದಿದ್ದನ್ನೇ ಬರೆದಿದೀನಿ."

"ಎರಡೂ ನಿಜ ಆಗೋದು ಹೇಗಮ್ಮ?"

ಗಿಜಿಯತ್ತೆ ಹಾಳೆಯನ್ನು ಮತ್ತೆ ನೋಡಿದಳು. ಉತ್ತರದಿಂದ ಹಿಂದಕ್ಕೆ ನಡೆಯಲು ಇಲ್ಲಿ ಉತ್ತರವೇ ಇರಲಿಲ್ಲ. ಮುಂದಕ್ಕೇ ನಡೆಯಬೇಕಾಯಿತು, ಕತ್ತಲಲ್ಲಿ ಗೋಡೆ ಸವರಿಕೊಂಡು ನಡೆದ ಹಾಗೆ.

"ಗುಳ್ಳೆ ಬರ್ತಾ ಬರ್ತಾ ಜೋರಾಗಿದ್ರೆ ಅಂತರ ದೊಡ್ಡದಾಗ್ತಾ ಹೋಗ್ಬೇಕಿತ್ತು," ಎಂದಳು ನಿಧಾನವಾಗಿ. "ಸೋತಿದ್ರೆ ಚಿಕ್ಕದಾಗ್ತಾ. ಇದು ಹಾಗಲ್ಲ. ಒಂದು ದೊಡ್ಡದು, ಒಂದು ಚಿಕ್ಕದು, ಮತ್ತೆ ದೊಡ್ಡದು. ಗುಳ್ಳೆಗೆ ಎರಡು ಕಾಲಿಲ್ಲ ಹೀಗೆ ಕುಂಟೋಕೆ. ಕುಂಟ್ತಿರೋದು ಬೇರೆ ಏನೋ." ಆಮೇಲೆ ನರ್ಸಮ್ಮನ ಕಡೆ ತಿರುಗಿ, "ಒಂದು ನಿಮಿಷ ಅದನ್ನ ಆರಿಸ್ತೀಯಾ ತಾಯಿ?" ಎಂದಳು.

ಝೇಂಕಾರ ನಿಂತಿತು. ಇಡೀ ಕೋಣೆಗೆ ತಾಳಯಂತ್ರದ ಸದ್ದು ಕೇಳಿಸಿತು. ಟಿಕ್... ಟಕ್‌ಟಿಕ್... ಟಕ್‌ಟಿಕ್... ಟಕ್. ಮೊಣಕಾಲು ನೋವಿನವರು ಮೆಟ್ಟಿಲು ಹತ್ತಿದಂತಿತ್ತು.

ಗಿಜಿಯತ್ತೆಯ ಮುಖ ಬದಲಾಯಿತು. ಹಾಳೆಯನ್ನು ಮೇಜಿನ ಮೇಲಿಟ್ಟು ಪೆನ್ಸಿಲಿನಿಂದ ಎರಡೆರಡು ಅಂಕಿಗಳಿಗೆ ಒಂದೊಂದು ಸುತ್ತು ಹಾಕಿದಳು. "ಟಿಕ್ಕು ಕುಂಟಿದ್ರೂ ಎರಡೆರಡು ಟಿಕ್ಕಿನ ಹೊತ್ತು ಒಂದೇ. ಹದಿನಾಲ್ಕಕ್ಕೆ ಹತ್ತು, ಇಪ್ಪತ್ನಾಲ್ಕು. ಇದೂ ಇಪ್ಪತ್ನಾಲ್ಕು. ಇದೂ. ಗುಳ್ಳೆ ಸಮವಾಗೇ ಹೋಗಿದೆ ಸಾರ್. ಪುಸ್ತಕನೂ ನಿಜ, ನಾನು ಬರೆದದ್ದೂ ನಿಜ. ಯಂತ್ರ ನೆಟ್ಟಗೆ ಕೂತಿಲ್ಲ. ಯಾಕಂದ್ರೆ ಮೇಜು ನೆಟ್ಟಗಿಲ್ಲ. ನೆಲ ಡೊಂಕು."

ಸೆಕೆರೆಶ್‌ನ ತುಟಿಯ ಅಂಚು ಅಲುಗಿತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಕೇಳಿದೀರಾ?"

"ಕೇಳಿದೀನಿ. ಆದ್ರೆ ಈ ನೆಲ ನಿಜವಾಗ್ಲೂ ಡೊಂಕು. ಬಗ್ಗಿ ನೋಡಿ."

ಅಧ್ಯಕ್ಷನಾದವನು ಪರೀಕ್ಷೆಯ ನಡುವೆ ಮೇಜಿನ ಕೆಳಗೆ ಬಗ್ಗುವುದನ್ನು ನಮ್ಮೂರು ಹಿಂದೆ ಕಂಡಿರಲಿಲ್ಲ. ಅವನು ಬಗ್ಗಿದ. ಕಿಟಕಿ ಬದಿಯ ಒಂದು ಕಾಲು ಬೆರಳಿನಷ್ಟು ತಗ್ಗಿಗೆ ಇಳಿದು ಮೇಜು ಆ ಕಡೆ ವಾಲಿತ್ತು.

"ಎಪ್ಪತ್ತರ ಪ್ರವಾಹದಲ್ಲಿ ಕಿಟಕಿ ಪಕ್ಕದ ನೆಲ ಕುಸೀತು," ಎಂದಳು ಗಿಜಿಯತ್ತೆ. "ಅವತ್ತಿಂದ ಆ ಕಾಲಿನ ಕೆಳಗೆ ಸಕ್ಕರೆ ಡಬ್ಬಿಯ ರಟ್ಟು ಮಡಚಿ ಇಡ್ತಾ ಬಂದೆ. ಮೇಣ ತಿಕ್ಕುವಾಗ ಗುಡಿಸಿ ಹಾಕಿರ್ಬೇಕು. ಲೆಹೆಲ್ ಮೇಷ್ಟ್ರದ್ದು ತಪ್ಪಿಲ್ಲ. ಎಂಟು ಪುಟ ಪಟ್ಟಿ ಬರೆದೆ, ಅದೊಂದನ್ನ ಬರೀಲಿಲ್ಲ. ಅದೂ ಒಂದು ಉಪಕರಣ ಅಂತ ನನಗೇ ಗೊತ್ತಿರಲಿಲ್ಲ."

"ನಿನ್ನೆ ಮೊನ್ನೆ ಇದೇ ಮೇಜಲ್ಲಿ ಇಬ್ಬರು ಮಕ್ಕಳು ಹನ್ನೆರಡು ಹನ್ನೆರಡು ಅಂತ ಬರೆದು ಹೋದರಲ್ಲ."

ಗಿಜಿಯತ್ತೆ ನೆಲ ನೋಡಿದಳು. ಸುಮ್ಮನಿದ್ದರೂ ನಡೆಯುತ್ತಿತ್ತು. "ಅದು ನನ್ನಿಂದ ಕಲಿತದ್ದು ಸಾರ್," ಎಂದಳು. "ಮಕ್ಕಳನ್ನ ಬೈಬೇಡಿ."

ಮುಖ್ಯೋಪಾಧ್ಯಾಯಿನಿ ಹೂಜಿಯ ಹೂವನ್ನು ಸರಿಮಾಡಿದರು. ಕೊನೆಗೆ ಸೆಕೆರೆಶ್ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, "ಸೆಕೆಂಡಿಗೆ ಹನ್ನೆರಡು ಸೆಂಟಿಮೀಟರ್ ಅಂದ್ರೆ ಗಂಟೆಗೆ ಎಷ್ಟು ಕಿಲೋಮೀಟರ್?" ಎಂದು ಕೇಳಿದ.

ಗಣಿತ ಎಂದೊಡನೆ ಗಿಜಿಯತ್ತೆಯ ತಲೆ ಗಿರ್ರೆಂದಿತು. ಗುಣಿಸಿದಳು, ಭಾಗಿಸಿದಳು, ಮತ್ತೆ ಗುಣಿಸಿದಳು. "ನಲವತ್ಮೂರು ಚಿಲ್ಲರೆ."

"ಅಂದ್ರೆ ಈ ಗುಳ್ಳೆ ಸೆಗೆಡ್ ಬಸ್ಸನ್ನ ಹಿಂದೆ ಹಾಕುತ್ತೆ."

ಮೊದಲು ನಕ್ಕವಳು ಗಿಜಿಯತ್ತೆಯೇ. ಆಮೇಲೆ ಬಾಲಿಂತ್, ಆಮೇಲೆ ಲೆಹೆಲ್. ದಶಾಂಶದ ಚುಕ್ಕೆ ಎರಡು ಮನೆ ತಪ್ಪಿತ್ತು, ಅವಳು ಅದನ್ನು ಸರಿಪಡಿಸುವಷ್ಟರಲ್ಲಿ ಸಮಯ ಮುಗಿದಿತ್ತು.

ಸಂಜೆ ಐದಕ್ಕೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಅಂಕ ಓದಿದರು. ನಮ್ಮಲ್ಲಿ ಐದು ಅತ್ಯುತ್ತಮ, ಒಂದು ನಪಾಸು. ಬಾಕೋಶ್ ಗಿಜೆಲಾ, ಎಲ್ಲ ವಿಷಯದಲ್ಲೂ ಪಾಸು, ಭೌತಶಾಸ್ತ್ರ, ನಾಲ್ಕು. ಬಾಲಿಂತ್ ಅವಳ ಬೆನ್ನಿಗೆ ಗುದ್ದಿದ. ಹೊರಗೆ ಬೇಲಿಯ ಪಕ್ಕ ಸೈಕಲ್ ಹಿಡಿದು ನಿಂತಿದ್ದ ಆಂಟಲ್, ಅವಳು ನಾಲ್ಕು ಬೆರಳು ತೋರಿಸಿದಾಗ, ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಅವನ ಕಣ್ಣು ಒದ್ದೆಯಾಗಿತ್ತು, ಅದಕ್ಕೆ ಈರುಳ್ಳಿಯನ್ನೇ ಕಾರಣ ಮಾಡಿದ.

ಲೆಹೆಲ್ ಬೀಗದಕೈಯನ್ನು ಅವಳ ಅಂಗೈಯಲ್ಲಿಟ್ಟ. ಕೋಣೆಗೆ ಹೋಗಿ ಅವಳು ಕಪಾಟು ತೆರೆದು ಅಯಸ್ಕಾಂತಗಳನ್ನು ನೋಡುತ್ತಿದ್ದಾಗ ಹಿಂದೆ ಯಾರೋ ಬಂದ ಸದ್ದಾಯಿತು. ಸೆಕೆರೆಶ್, ಹ್ಯಾಟು ಕೈಯಲ್ಲಿ, ಕಪಾಟಿನ ಬಾಗಿಲಿಗಂಟಿದ ಹಾಳೆಯನ್ನು ಮೇಲಿಂದ ಕೆಳಗೆ ಓದುತ್ತಿದ್ದ. ಇಪ್ಪತ್ತು ಸಾಲನ್ನೂ ಓದಿದ.

"ಚೆಂದದ ಅಕ್ಷರ," ಎಂದ. "ಆ ಗಣಿತ ಒಂದು ಸರಿ ಇದ್ದಿದ್ರೆ ಐದೇ ಕೊಡ್ತಿದ್ದೆ."

"ನಾಲ್ಕು ಸಾಕು ಸಾರ್. ನಾಲ್ಕೂ ನನ್ನದೇ."

ಅವನು ಹೋದ ಮೇಲೆ ಅವಳು ಹಾಳೆಯನ್ನು ಹರಿಯಲಿಲ್ಲ. ವಿದೋರ್ ಮೇಷ್ಟ್ರ ಕೈಬರಹ ಹರಿಯುವಷ್ಟು ಕಲ್ಲುಮನಸ್ಸು ಅವಳದ್ದಲ್ಲ. ಮೆಲ್ಲಗೆ ಬಿಡಿಸಿ, ಅಕ್ಷರದ ಮೈ ಬಾಗಿಲಿಗೆ ಬರುವ ಹಾಗೆ ತಿರುಗಿಸಿ ಮತ್ತೆ ಅಂಟಿಸಿದಳು.

ಸೆಪ್ಟೆಂಬರಿನಲ್ಲಿ ಹೊಸ ಮಕ್ಕಳು ಬಂದರು. ಮೊದಲ ವಾರವೇ ಗುಳ್ಳೆ ಕೊಳವೆ. ಬೆಳಿಗ್ಗೆ ಆರಕ್ಕೆ ಬಂದು ಗಿಜಿಯತ್ತೆ ಎಲ್ಲ ಮೇಜುಗಳನ್ನೂ ಅಣಿಮಾಡಿದಳು. ಸಕ್ಕರೆ ಡಬ್ಬಿಯ ರಟ್ಟನ್ನೂ ಹೊಸದಾಗಿ ಮಡಚಿದಳು. ಕಿಟಕಿ ಪಕ್ಕದ ಮೂರನೇ ಮೇಜಿನ ಹತ್ತಿರ ಮಂಡಿಯೂರಿ, ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ರಟ್ಟನ್ನು ಜೇಬಿಗೆ ಹಾಕಿಕೊಂಡು ಎದ್ದಳು.

ಹತ್ತು ಗಂಟೆಗೆ ಎಮೆಶೆ ಎಂಬ ಉದ್ದ ಜಡೆಯ ಹುಡುಗಿ ಸಾಮಾನು ಕೋಣೆಯ ಬಾಗಿಲಿಗೆ ಬಂದಳು. ಅಳು ಬರುವ ಮುಖ.

"ಅತ್ತೆ, ಎಲ್ಲಾರ್ದೂ ಸರಿ ಬಂತು, ನಂದೊಂದೇ ಬರ್ತಿಲ್ಲ. ಎಷ್ಟು ಬರೀಬೇಕು ಅಂತ ನೀವು ಹೇಳ್ತೀರಂತೆ. ನಮ್ಮಣ್ಣ ಹೇಳ್ದ."

"ನಿಂಗೆ ಎಷ್ಟು ಬಂತು?"

"ಹದಿನಾಲ್ಕು, ಹತ್ತು, ಹದಿನಾಲ್ಕು, ಹತ್ತು."

ಹನ್ನೆರಡು ಎಂಬ ಮಾತು ಗಿಜಿಯತ್ತೆಯ ನಾಲಿಗೆಯ ತುದಿಯವರೆಗೆ ಬಂತು. ಜೇಬಿಗೆ ಕೈಹಾಕಿ ರಟ್ಟಿನ ಚೂರನ್ನು ಬಿಗಿಯಾಗಿ ಹಿಡಿದುಕೊಂಡಳು.

"ಬಂದಷ್ಟೇ ಬರಿ. ಆಮೇಲೆ ಅಲ್ಲೇ ಸುಮ್ಮನೆ ಸ್ವಲ್ಪ ಹೊತ್ತು ನಿಂತ್ಕೊ. ಮಾತಾಡ್ಬೇಡ."

ಹುಡುಗಿ ಮುಖ ಊದಿಸಿಕೊಂಡು ಹೋದಳು. ಗಿಜಿಯತ್ತೆ ಬಾಗಿಲ ಸಂದಿಯಿಂದ ನೋಡಿದಳು. ಹುಡುಗಿ ಗೆರೆಗಳನ್ನು ನೋಡಿದಳು, ಕೊಳವೆಯನ್ನು ನೋಡಿದಳು, ಕ್ಲಾಸಿನ ಗದ್ದಲ ಒಂದು ಕ್ಷಣ ತಗ್ಗಿದಾಗ ಜಡೆಯನ್ನು ಹಿಂದಕ್ಕೆಸೆದು ತಾಳಯಂತ್ರದ ಕಡೆ ಕಿವಿ ಬಗ್ಗಿಸಿದಳು. ಗಿಜಿಯತ್ತೆ ತಟ್ಟನೆ ಬೆನ್ನು ತಿರುಗಿಸಿ, ಆಗಲೇ ಒಣಗಿದ್ದ ಗಾಜಿನ ಲೋಟವೊಂದನ್ನು ಎತ್ತಿಕೊಂಡು ಮತ್ತೆ ಒರೆಸತೊಡಗಿದಳು.